ಕರಾವಳಿ ಹವಾಮಾನದಲ್ಲಿ ಹಾರ್ಡ್ ಡಿಸ್ಕ್ ಆಯ್ಕೆ

ಹಾರ್ಡ್ ಡಿಸ್ಕ್ ಡ್ರೈವ್ ಎಂಬುದು ವಿದ್ಯುತ್ ಇಲ್ಲದಿರುವಾಗಲೂ ಉಳಿಯುವಂತೆ ದತ್ತಾಂಶವನ್ನು ಕಾಂತೀಯ ರೂಪದಲ್ಲಿ ಸಂಗ್ರಹಿಸುವ ಗಣಕಯಂತ್ರದ ಭಾಗವಾಗಿದೆ. ಇದರ ಆಯ್ಕೆಯಲ್ಲಿ ಸಾಮಾನ್ಯವಾಗಿ ಸಾಮರ್ಥ್ಯ, ಬೆಲೆ ಮತ್ತು ತಯಾರಕರ ಹೆಸರನ್ನು ಗಮನಿಸಲಾಗುತ್ತದೆ. ಆದರೆ ಡ್ರೈವ್ ಎಷ್ಟು ಕಾಲ ಬಾಳುತ್ತದೆ ಎಂಬುದು ಅದರ ಮಾದರಿ, ಬಳಕೆಯ ಬಗೆ ಮತ್ತು ಅದನ್ನು ಇರಿಸುವ ಪರಿಸರವನ್ನೂ ಅವಲಂಬಿಸಿದೆ. ಉತ್ತರ ಕನ್ನಡ ಜಿಲ್ಲೆಯ ಕಾರವಾರ ಮತ್ತು ಅಂಕೋಲಾ ತಾಲೂಕುಗಳಂಥ ಕಡಲತೀರದ ಪ್ರದೇಶಗಳಲ್ಲಿ ಗಾಳಿಯ ತೇವಾಂಶ, ಉಪ್ಪು, ಸಿಡಿಲು ಮತ್ತು ನೆರೆ ಈ ಆಯ್ಕೆಯ ಮೇಲೆ ಪ್ರಭಾವ ಬೀರುವ ಮುಖ್ಯ ಅಂಶಗಳಾಗಿವೆ. ವಿಶ್ವಾಸಾರ್ಹತೆ ಎನ್ನುವುದು ಸಾವಿರಾರು ಡ್ರೈವ್‌ಗಳ ಸಮೂಹಕ್ಕೆ ಅನ್ವಯಿಸುವ ಲೆಕ್ಕವೇ ಹೊರತು ಒಂದು ಡ್ರೈವ್ ಕೆಡುವುದಿಲ್ಲ ಎಂಬ ಭರವಸೆಯಲ್ಲ. ಆದ್ದರಿಂದ ಯಾವ ಡ್ರೈವ್ ಕೊಳ್ಳಬೇಕು ಎಂಬ ಪ್ರಶ್ನೆಯಷ್ಟೇ ಎರಡನೆಯ ಪ್ರತಿಯನ್ನು ಎಲ್ಲಿ ಇಡಬೇಕು ಎಂಬ ಪ್ರಶ್ನೆಯೂ ಮುಖ್ಯವಾಗುತ್ತದೆ.

ಹಿನ್ನೆಲೆ

ಮೊದಲ ಹಾರ್ಡ್ ಡಿಸ್ಕ್ ಅನ್ನು ಐಬಿಎಂ ಸಂಸ್ಥೆಯು 1956ರಲ್ಲಿ ತನ್ನ 305 ರಾಮ್ಯಾಕ್ ಗಣಕಯಂತ್ರದ ಭಾಗವಾಗಿ ಹೊರತಂದಿತು. 24 ಇಂಚು ವ್ಯಾಸದ 50 ತಟ್ಟೆಗಳಿದ್ದ ಈ ಸಾಧನದಲ್ಲಿ 50 ಲಕ್ಷ ಅಕ್ಷರಗಳನ್ನು ಸಂಗ್ರಹಿಸಬಹುದಾಗಿತ್ತು. 1980ರಲ್ಲಿ ಸೀಗೇಟ್ ಸಂಸ್ಥೆಯು 5 ಮೆಗಾಬೈಟ್ ಸಾಮರ್ಥ್ಯದ 5.25 ಇಂಚಿನ ಡ್ರೈವ್ ತಯಾರಿಸಿದ ಬಳಿಕ ಹಾರ್ಡ್ ಡಿಸ್ಕ್ ವೈಯಕ್ತಿಕ ಗಣಕಯಂತ್ರಗಳಿಗೆ ಬಂದಿತು. ಹಲವು ತಯಾರಕರು ವಿಲೀನಗೊಂಡು ಅಥವಾ ಮುಚ್ಚಿಹೋಗಿ, ಈಗ ಸೀಗೇಟ್, ವೆಸ್ಟರ್ನ್ ಡಿಜಿಟಲ್ ಮತ್ತು ತೋಷಿಬಾ ಎಂಬ ಮೂರು ಸಂಸ್ಥೆಗಳು ಮಾತ್ರ ಹಾರ್ಡ್ ಡಿಸ್ಕ್ ತಯಾರಿಸುತ್ತಿವೆ. ಬೇರೆ ಹೆಸರಿನಲ್ಲಿ ಮಾರಾಟವಾಗುವ ಹಾರ್ಡ್ ಡಿಸ್ಕ್‌ಗಳ ಒಳಗೂ ಇವುಗಳದೇ ಡ್ರೈವ್ ಇರುತ್ತದೆ.

ಹಾರ್ಡ್ ಡಿಸ್ಕ್‌ನಲ್ಲಿ ಇರುವ ಸಂಗತಿಗಳ ಪೈಕಿ ಕೆಲವನ್ನು ಮತ್ತೆ ಪಡೆಯಬಹುದು, ಕೆಲವನ್ನು ಪಡೆಯಲಾಗದು. ತಂತ್ರಾಂಶ ಮತ್ತು ಚಲನಚಿತ್ರಗಳನ್ನು ಮರಳಿ ಇಳಿಸಿಕೊಳ್ಳಬಹುದು. ಮದುವೆಯ ವಿಡಿಯೊ, ತೀರಿಕೊಂಡವರ ಭಾವಚಿತ್ರ, ಅಂಗಡಿಯ ಲೆಕ್ಕಪತ್ರ, ಯಕ್ಷಗಾನ ಪ್ರದರ್ಶನದ ಅಥವಾ ಅಂಕೋಲಾದ ಬಂಡಿಹಬ್ಬದ ಚಿತ್ರೀಕರಣ ಇಂಥವು ಒಮ್ಮೆ ಅಳಿದರೆ ಮತ್ತೆ ದೊರೆಯುವುದಿಲ್ಲ. ಅಂಕೋಲಾ ತಾಲೂಕಿನ ಹಾಲಕ್ಕಿ ಒಕ್ಕಲಿಗರ ಹಾಡುಗಾರ್ತಿ, 2017ರ ಪದ್ಮಶ್ರೀ ಪುರಸ್ಕೃತೆ ಸುಕ್ರಿ ಬೊಮ್ಮಗೌಡ 2025ರ ಫೆಬ್ರುವರಿಯಲ್ಲಿ ನಿಧನರಾದರು. ಬಾಯಿಂದ ಬಾಯಿಗೆ ಬಂದ ಹಾಡುಗಳನ್ನು ಬಲ್ಲ ಹಿರಿಯರು ಇಲ್ಲವಾದ ಮೇಲೆ ಧ್ವನಿಮುದ್ರಣವೇ ಅವರ ದನಿಯ ಏಕೈಕ ಆಧಾರವಾಗುತ್ತದೆ. ಅಂಥ ಮುದ್ರಣವನ್ನು ಒಂದೇ ಡ್ರೈವ್‌ನಲ್ಲಿ ಇಟ್ಟಾಗ ಹಾಡಿನ ಆಯುಷ್ಯವು ಆ ಡ್ರೈವ್‌ನ ಆಯುಷ್ಯಕ್ಕೆ ಸೀಮಿತವಾಗುತ್ತದೆ.

ರಚನೆ

ಹಾರ್ಡ್ ಡಿಸ್ಕ್‌ನ ಒಳಗೆ ಅಲ್ಯೂಮಿನಿಯಂ ಅಥವಾ ಗಾಜಿನ ಮೇಲೆ ಕಾಂತೀಯ ಲೇಪವಿರುವ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತುಗಳ ವೇಗದಲ್ಲಿ ತಿರುಗುತ್ತವೆ. ಓದುವ ಮತ್ತು ಬರೆಯುವ ಹೆಡ್ ತಟ್ಟೆಯನ್ನು ಮುಟ್ಟದೆ, ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಗಾಳಿಯ ಪದರದ ಮೇಲೆ ತೇಲುತ್ತದೆ. ತಲೆಗೂದಲಿನ ದಪ್ಪ ಇದರ ಸಾವಿರಾರು ಪಟ್ಟು ಹೆಚ್ಚು. ಡ್ರೈವ್ ನಡೆಯುತ್ತಿರುವಾಗ ಕೆಳಗೆ ಬಿದ್ದರೆ ಅಥವಾ ಒಳಗೆ ಧೂಳು ಸೇರಿದರೆ ಹೆಡ್ ತಟ್ಟೆಗೆ ತಗುಲಿ ಲೇಪ ಕಿತ್ತುಹೋಗುತ್ತದೆ.

ಹೀಲಿಯಂ ತುಂಬಿ ಮುಚ್ಚಿದ ಹೆಚ್ಚು ಸಾಮರ್ಥ್ಯದ ಡ್ರೈವ್‌ಗಳನ್ನು ಬಿಟ್ಟರೆ, ಉಳಿದ ಹಾರ್ಡ್ ಡಿಸ್ಕ್‌ಗಳು ಪೂರ್ಣವಾಗಿ ಮುಚ್ಚಿರುವುದಿಲ್ಲ. ಒಳಗಿನ ಮತ್ತು ಹೊರಗಿನ ಗಾಳಿಯ ಒತ್ತಡ ಸಮವಾಗಿರಲೆಂದು ಶೋಧಕವಿರುವ ಸಣ್ಣ ರಂಧ್ರವೊಂದನ್ನು ಬಿಡಲಾಗಿರುತ್ತದೆ. ಶೋಧಕವು ಧೂಳನ್ನು ತಡೆಯುತ್ತದೆ. ತೇವಾಂಶ ಮಾತ್ರ ನಿಧಾನವಾಗಿ ಒಳಸೇರಬಲ್ಲದು. ಡ್ರೈವ್‌ನ ಹೊರಮೈಗೆ ಜೋಡಿಸಿದ ಸರ್ಕ್ಯೂಟ್ ಬೋರ್ಡ್ ಸುತ್ತಲಿನ ಗಾಳಿಗೆ ನೇರವಾಗಿ ತೆರೆದುಕೊಂಡಿರುತ್ತದೆ.

ವಿಶ್ವಾಸಾರ್ಹತೆಯ ಅಳತೆ

ತಯಾರಕರು ಡ್ರೈವ್‌ನ ವಿವರಪಟ್ಟಿಯಲ್ಲಿ ವೈಫಲ್ಯಗಳ ನಡುವಿನ ಸರಾಸರಿ ಅವಧಿಯನ್ನು ಗಂಟೆಗಳಲ್ಲಿ ನೀಡುತ್ತಾರೆ. 10 ಲಕ್ಷ ಗಂಟೆ ಎಂದರೆ ಸುಮಾರು 114 ವರ್ಷ. ಒಂದು ಡ್ರೈವ್ 114 ವರ್ಷ ಬಾಳುತ್ತದೆ ಎಂಬುದು ಇದರ ಅರ್ಥವಲ್ಲ. ನಿಗದಿತ ಬಾಳಿಕೆಯ ಅವಧಿಯೊಳಗೆ, ಸದಾ ನಡೆಯುತ್ತಿರುವ 1000 ಡ್ರೈವ್‌ಗಳಲ್ಲಿ ವರ್ಷಕ್ಕೆ ಸುಮಾರು 9 ಕೆಡಬಹುದು ಎಂಬ ಅಂದಾಜನ್ನು ಈ ಸಂಖ್ಯೆ ಸೂಚಿಸುತ್ತದೆ. ಇದನ್ನು ವಾರ್ಷಿಕ ವೈಫಲ್ಯ ದರವಾಗಿ ಹೇಳಿದರೆ ಶೇಕಡ 0.9ರಷ್ಟಾಗುತ್ತದೆ.

ವಾಸ್ತವ ಬಳಕೆಯ ಅಂಕಿಅಂಶಗಳು ಇದಕ್ಕಿಂತ ಹೆಚ್ಚಿವೆ. 2007ರಲ್ಲಿ ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು 1 ಲಕ್ಷ ಡ್ರೈವ್‌ಗಳ ದಾಖಲೆಗಳನ್ನು ಪರಿಶೀಲಿಸಿದರು. ವರ್ಷಕ್ಕೆ ಶೇಕಡ 2ರಿಂದ 4ರಷ್ಟು ಡ್ರೈವ್‌ಗಳನ್ನು ಬದಲಿಸುವುದು ಸಾಮಾನ್ಯವೆಂದೂ, ಕೆಲವೆಡೆ ಇದು ಶೇಕಡ 13ರವರೆಗೆ ಇತ್ತೆಂದೂ ಅವರು ಕಂಡುಕೊಂಡರು. ಅದೇ ವರ್ಷ ಗೂಗಲ್‌ನ ಸಂಶೋಧಕರು ತಮ್ಮ 1 ಲಕ್ಷಕ್ಕೂ ಹೆಚ್ಚು ಡ್ರೈವ್‌ಗಳ ಅಧ್ಯಯನವನ್ನು ಪ್ರಕಟಿಸಿದರು. ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಗ್ರಹಣಾ ಸಂಸ್ಥೆಯು 2013ರಿಂದ ತನ್ನಲ್ಲಿರುವ ಡ್ರೈವ್‌ಗಳ ವೈಫಲ್ಯ ದರವನ್ನು ಮಾದರಿವಾರು ಪ್ರಕಟಿಸುತ್ತಿದೆ. ಇತ್ತೀಚಿನ ವರ್ಷಗಳಲ್ಲಿ ಅದರ ಒಟ್ಟು ದರ ಶೇಕಡ 1ರಿಂದ 2ರ ನಡುವೆ ಇದೆ. ಈ ಡ್ರೈವ್‌ಗಳು ಹವಾನಿಯಂತ್ರಿತ ದತ್ತಾಂಶ ಕೇಂದ್ರಗಳಲ್ಲಿ ಇರುವುದರಿಂದ ಇದೇ ಅಂಕಿಗಳನ್ನು ಕಡಲತೀರದ ಮನೆಗೆ ನೇರವಾಗಿ ಅನ್ವಯಿಸಲಾಗದು. ಆದರೆ ಮಾದರಿಗಳನ್ನು ಪರಸ್ಪರ ಹೋಲಿಸಲು ಇವು ಉಪಯುಕ್ತ.

ತಯಾರಕರ ಹೆಸರನ್ನಷ್ಟೇ ನೋಡಿ ಆರಿಸುವುದು ಸರಿಯಾದ ಕ್ರಮವಲ್ಲ ಎಂಬುದಕ್ಕೆ ಡೆಸ್ಕ್‌ಸ್ಟಾರ್ ಸರಣಿಯು ಉದಾಹರಣೆಯಾಗಿದೆ. 2000ರಲ್ಲಿ ಬಂದ ಐಬಿಎಂನ ಡೆಸ್ಕ್‌ಸ್ಟಾರ್ 75ಜಿಎಕ್ಸ್‌ಪಿ ಡ್ರೈವ್ ಹೆಚ್ಚಿನ ಸಂಖ್ಯೆಯಲ್ಲಿ ಕೆಟ್ಟು ಕುಖ್ಯಾತವಾಯಿತು. ಬಳಿಕ ಐಬಿಎಂನ ಡ್ರೈವ್ ವಿಭಾಗ ಹಿಟಾಚಿಯ ಪಾಲಾಯಿತು. ಅದೇ ಡೆಸ್ಕ್‌ಸ್ಟಾರ್ ಹೆಸರಿನ ನಂತರದ ಡ್ರೈವ್‌ಗಳು ಬ್ಯಾಕ್‌ಬ್ಲೇಜ್‌ನ ಪಟ್ಟಿಯಲ್ಲಿ ಅತಿ ಕಡಿಮೆ ಕೆಡುವ ಡ್ರೈವ್‌ಗಳ ಸಾಲಿನಲ್ಲಿ ಕಾಣಿಸಿಕೊಂಡವು.

ಕಾರವಾರ ಮತ್ತು ಅಂಕೋಲಾದ ಪರಿಸರ

ಆರ್ದ್ರತೆ ಮತ್ತು ಉಪ್ಪು

ಕಾರವಾರವು ಕಾಳಿ ನದಿ ಅರಬ್ಬಿ ಸಮುದ್ರವನ್ನು ಸೇರುವಲ್ಲಿದೆ. ಅದರ ದಕ್ಷಿಣಕ್ಕಿರುವ ಅಂಕೋಲಾ ತಾಲೂಕಿನಲ್ಲಿ ಗಂಗಾವಳಿ ನದಿ ಕಡಲನ್ನು ಸೇರುತ್ತದೆ. ವರ್ಷದ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಈ ತಿಂಗಳುಗಳಲ್ಲಿ ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 80ನ್ನು ಮೀರಿರುವುದು ಸಾಮಾನ್ಯ.

ಅಡುಗೆ ಉಪ್ಪಿನ ಮುಖ್ಯ ಅಂಶವಾದ ಸೋಡಿಯಂ ಕ್ಲೋರೈಡ್, ಆರ್ದ್ರತೆ ಸುಮಾರು ಶೇಕಡ 75ನ್ನು ದಾಟಿದಾಗ ಗಾಳಿಯ ನೀರನ್ನು ಹೀರಿ ಕರಗತೊಡಗುತ್ತದೆ. ಮಳೆಗಾಲದಲ್ಲಿ ಭರಣಿಯ ಉಪ್ಪು ನೀರೊಡೆಯುವುದು ಇದೇ ಕಾರಣದಿಂದ. ಕಡಲಗಾಳಿಯೊಂದಿಗೆ ಬಂದು ಸರ್ಕ್ಯೂಟ್ ಬೋರ್ಡ್ ಮೇಲೆ ಕುಳಿತ ಉಪ್ಪಿನ ಕಣಗಳಿಗೂ ಹೀಗೆಯೇ ಆಗುತ್ತದೆ. ಕರಗಿದ ಉಪ್ಪು ವಿದ್ಯುತ್ತನ್ನು ಹರಿಯಬಿಡುವುದಲ್ಲದೆ ಸಂಪರ್ಕಬಿಂದುಗಳಲ್ಲಿ ಕಿಲುಬು ಹಿಡಿಸುತ್ತದೆ.

2016ರಲ್ಲಿ ಪ್ರಕಟವಾದ, ಮೈಕ್ರೋಸಾಫ್ಟ್‌ನ ಒಂಬತ್ತು ದತ್ತಾಂಶ ಕೇಂದ್ರಗಳ 10 ಲಕ್ಷಕ್ಕೂ ಹೆಚ್ಚು ಡ್ರೈವ್‌ಗಳ ಅಧ್ಯಯನವು ಈ ವಿಷಯದಲ್ಲಿ ಮಹತ್ವದ್ದಾಗಿದೆ. ಡ್ರೈವ್ ಕೆಡುವಲ್ಲಿ ಉಷ್ಣತೆಗಿಂತ ಆರ್ದ್ರತೆಯ ಪ್ರಭಾವ ಹೆಚ್ಚೆಂದೂ, ಹೆಚ್ಚು ಆರ್ದ್ರತೆಯಲ್ಲಿ ನಿಯಂತ್ರಕ ಸರ್ಕ್ಯೂಟ್ ಮತ್ತು ಜೋಡಣೆಯ ಭಾಗಗಳು ಹೆಚ್ಚಾಗಿ ಕೆಡುತ್ತವೆಂದೂ ಅದು ತೋರಿಸಿತು.

ನಡೆಯುತ್ತಿರುವ ಡ್ರೈವ್ ಸುತ್ತಲಿನ ಗಾಳಿಗಿಂತ ಬೆಚ್ಚಗಿರುವುದು ಸ್ವಲ್ಪಮಟ್ಟಿಗೆ ರಕ್ಷಣೆ ನೀಡುತ್ತದೆ. ಕೋಣೆಯಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ಶೇಕಡ 85ರ ಆರ್ದ್ರತೆ ಇದ್ದರೆ, 40 ಡಿಗ್ರಿಯಲ್ಲಿರುವ ಡ್ರೈವ್‌ನ ಮೈಯ ಬಳಿ ಆರ್ದ್ರತೆ ಶೇಕಡ 50ರ ಆಸುಪಾಸಿಗೆ ಇಳಿಯುತ್ತದೆ. ಜೂನ್‌ನಲ್ಲಿ ಕಪಾಟಿಗೆ ಸೇರಿಸಿ ದೀಪಾವಳಿಗೆ ಹೊರತೆಗೆಯುವ ಡ್ರೈವ್‌ಗೆ ಈ ಅನುಕೂಲ ಇರುವುದಿಲ್ಲ. ಅಂಥ ಡ್ರೈವ್ ಅನ್ನು ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿ ಇಡುವುದು ಸೂಕ್ತ. ತೇವ ಹೀರಿದ ಪೊಟ್ಟಣಗಳನ್ನು ಆಗಾಗ ಬದಲಿಸಬೇಕಾಗುತ್ತದೆ.

ಹವಾನಿಯಂತ್ರಿತ ಕೋಣೆಯಿಂದ ಹೊರತಂದ ಡ್ರೈವ್‌ನ ಮೇಲೆ ನೀರಹನಿ ಕಟ್ಟುವ ಸಾಧ್ಯತೆಯೂ ಇದೆ. ಮೇಲಿನ ಉದಾಹರಣೆಯ ಗಾಳಿಯಲ್ಲಿ ಇಬ್ಬನಿ ಬಿಂದು ಸುಮಾರು 27 ಡಿಗ್ರಿಯಷ್ಟಿರುತ್ತದೆ. 24 ಡಿಗ್ರಿಗೆ ತಣಿದ ಡ್ರೈವ್ ಅಂಥ ಗಾಳಿಗೆ ಬಂದೊಡನೆ ತೇವಗೊಳ್ಳುತ್ತದೆ. ಡ್ರೈವ್ ಅನ್ನು ಮುಚ್ಚಿದ ಚೀಲದಲ್ಲಿಯೇ ಕೆಲವು ಗಂಟೆ ಬಿಟ್ಟು, ಅದು ಹೊರಗಿನ ಉಷ್ಣತೆಗೆ ಬಂದ ಬಳಿಕ ಜೋಡಿಸುವುದರಿಂದ ಇದನ್ನು ತಪ್ಪಿಸಬಹುದು.

ವಿದ್ಯುತ್ ಮತ್ತು ಸಿಡಿಲು

ಮುಂಗಾರಿಗೆ ಮುಂಚಿನ ಗುಡುಗು ಮಳೆಯಲ್ಲಿ ಸಿಡಿಲಿನಿಂದ ಮತ್ತು ಮಳೆಗಾಲದಲ್ಲಿ ತಂತಿಯ ಮೇಲೆ ಮರ ಬೀಳುವುದರಿಂದ ವಿದ್ಯುತ್ ಏರಿಳಿತ ಉಂಟಾಗುತ್ತದೆ. ಬರೆಯುತ್ತಿರುವಾಗಲೇ ವಿದ್ಯುತ್ ನಿಂತರೆ ಡ್ರೈವ್ ಉಳಿದರೂ ಕಡತಗಳು ಹಾಳಾಗಬಹುದು. ಯುಪಿಎಸ್ ಇದಕ್ಕೆ ಸಾಮಾನ್ಯ ಪರಿಹಾರ. ಸಿಡಿಲಿನ ಮಟ್ಟಿಗೆ ಯುಪಿಎಸ್ ಅಥವಾ ಸರ್ಜ್ ಪ್ರೊಟೆಕ್ಟರ್ ಪೂರ್ಣ ರಕ್ಷಣೆ ನೀಡಲಾರದು. ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಅವುಗಳ ಉಪಯೋಗ ಇನ್ನೂ ಕಡಿಮೆ. ಗುಡುಗು ಆರಂಭವಾಗುವ ಮುನ್ನವೇ ಪ್ಲಗ್ ಮತ್ತು ಇಂಟರ್ನೆಟ್ ತಂತಿ ಎರಡನ್ನೂ ಕಳಚುವುದು ಹೆಚ್ಚು ಸುರಕ್ಷಿತ. ಬ್ಯಾಕಪ್ ಡ್ರೈವ್ ಅನ್ನು ಸದಾ ಗಣಕಯಂತ್ರಕ್ಕೆ ಜೋಡಿಸಿಟ್ಟಿದ್ದರೆ ಒಂದೇ ಆಘಾತಕ್ಕೆ ಮೂಲ ಮತ್ತು ಪ್ರತಿ ಎರಡೂ ನಾಶವಾಗಬಹುದು.

ನೆರೆ ಮತ್ತು ಭೂಕುಸಿತ

2019ರ ಆಗಸ್ಟ್ ಮತ್ತು 2021ರ ಜುಲೈ ತಿಂಗಳ ನೆರೆಯಲ್ಲಿ ಕಾಳಿ ಮತ್ತು ಗಂಗಾವಳಿ ದಂಡೆಯ ಹಲವು ಗ್ರಾಮಗಳ ಮನೆಗಳಿಗೆ ನೀರು ನುಗ್ಗಿತು. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಜೀವಹಾನಿ ಸಂಭವಿಸಿತು. ಮಣ್ಣು ಗಂಗಾವಳಿಗೆ ಬಿದ್ದ ರಭಸಕ್ಕೆ ಉಕ್ಕಿದ ನೀರು ಎದುರು ದಂಡೆಯ ಉಳುವರೆ ಗ್ರಾಮದ ಮನೆಗಳಿಗೆ ಅಪ್ಪಳಿಸಿತು. ಇಂಥ ಸಂದರ್ಭಗಳಲ್ಲಿ ಮನೆಯಲ್ಲಿದ್ದ ಎಲ್ಲ ಡ್ರೈವ್‌ಗಳೂ ಒಟ್ಟಿಗೆ ಹೋಗುವುದರಿಂದ, ಅವು ಯಾವ ತಯಾರಕರವು ಎಂಬುದು ಗಣನೆಗೆ ಬರುವುದಿಲ್ಲ.

ಡ್ರೈವ್‌ಗಳ ವರ್ಗಗಳು

ಬಳಕೆಗೆ ಅನುಗುಣವಾಗಿ ಹಾರ್ಡ್ ಡಿಸ್ಕ್‌ಗಳನ್ನು ಹೀಗೆ ವಿಂಗಡಿಸಬಹುದು:

• ಡೆಸ್ಕ್‌ಟಾಪ್ ಡ್ರೈವ್: ದಿನಕ್ಕೆ ಕೆಲವು ಗಂಟೆಗಳ ಬಳಕೆಗೆ. ಸಾಮಾನ್ಯವಾಗಿ 2 ವರ್ಷಗಳ ವಾರಂಟಿ ಇರುತ್ತದೆ. ವರ್ಷಕ್ಕೆ ಸುಮಾರು 55 ಟೆರಾಬೈಟ್ ಓದು-ಬರಹಕ್ಕೆ ವಿನ್ಯಾಸಗೊಳಿಸಲಾಗಿರುತ್ತದೆ.
• ನ್ಯಾಸ್ ಡ್ರೈವ್: ಸದಾ ನಡೆಯುವ, ಹಲವು ಡ್ರೈವ್‌ಗಳಿರುವ ಪೆಟ್ಟಿಗೆಗಳಿಗೆ. ಸಾಮಾನ್ಯವಾಗಿ 3 ವರ್ಷಗಳ ವಾರಂಟಿ ಮತ್ತು ವರ್ಷಕ್ಕೆ 180 ಟೆರಾಬೈಟ್ ಮಿತಿ ಇರುತ್ತದೆ. ಸ್ಟುಡಿಯೊ ಮತ್ತು ಸಣ್ಣ ಕಚೇರಿಗಳಿಗೆ ಸೂಕ್ತ.
• ಕಣ್ಗಾವಲು ಡ್ರೈವ್: ಸಿಸಿಟಿವಿ ಚಿತ್ರೀಕರಣವನ್ನು ಎಡೆಬಿಡದೆ ಬರೆದುಕೊಳ್ಳಲು. ಕಡತಗಳ ಸಂಗ್ರಹಕ್ಕೆ ಇದು ಮೊದಲ ಆಯ್ಕೆಯಲ್ಲ.
• ಎಂಟರ್‌ಪ್ರೈಸ್ ಡ್ರೈವ್: ಸರ್ವರ್‌ಗಳಿಗೆ. 5 ವರ್ಷಗಳ ವಾರಂಟಿ ಮತ್ತು ವರ್ಷಕ್ಕೆ 550 ಟೆರಾಬೈಟ್ ಮಿತಿ ಸಾಮಾನ್ಯ. ಶಬ್ದ ಮತ್ತು ಬೆಲೆ ಹೆಚ್ಚು.
• ಹೊರಜೋಡಣೆಯ ಪೋರ್ಟಬಲ್ ಡ್ರೈವ್: 2.5 ಇಂಚಿನ, ಯುಎಸ್‌ಬಿ ಮೂಲಕ ನಡೆಯುವ ಡ್ರೈವ್. ಒಯ್ಯಲು ಸುಲಭವಾದರೂ ಕೈಜಾರಿ ಬೀಳುವ ಸಂಭವ ಹೆಚ್ಚು. ಕೆಲವು ಮಾದರಿಗಳಲ್ಲಿ ಯುಎಸ್‌ಬಿ ಭಾಗವನ್ನು ಬೋರ್ಡ್‌ಗೇ ಬೆಸೆದಿರುವುದರಿಂದ ಅದು ಕಿಲುಬು ಹಿಡಿದರೆ ದತ್ತಾಂಶ ಮರಳಿ ಪಡೆಯುವುದು ಕಷ್ಟವಾಗುತ್ತದೆ.

ದತ್ತಾಂಶ ಬರೆಯುವ ಕ್ರಮದಲ್ಲಿಯೂ ಎರಡು ಬಗೆಗಳಿವೆ. ಸಿಎಂಆರ್ ಡ್ರೈವ್‌ಗಳಲ್ಲಿ ಪ್ರತಿ ಪಥವೂ ಪ್ರತ್ಯೇಕವಾಗಿರುತ್ತದೆ. ಎಸ್‌ಎಂಆರ್ ಡ್ರೈವ್‌ಗಳಲ್ಲಿ ಪಥಗಳು ಮಾಡಿನ ಹಂಚುಗಳಂತೆ ಒಂದರ ಮೇಲೊಂದು ಭಾಗಶಃ ಹೊದ್ದುಕೊಂಡಿರುತ್ತವೆ. ಒಮ್ಮೆ ಬರೆದು ಇಟ್ಟುಬಿಡುವ ಸಂಗ್ರಹಕ್ಕೆ ಎಸ್‌ಎಂಆರ್ ಸಾಕಾಗುತ್ತದೆ. ಪದೇಪದೇ ಬದಲಾಗುವ ಕಡತಗಳಿಗೆ ಮತ್ತು ನ್ಯಾಸ್ ಪೆಟ್ಟಿಗೆಗಳಿಗೆ ಸಿಎಂಆರ್ ಉತ್ತಮ. 2020ರಲ್ಲಿ ವೆಸ್ಟರ್ನ್ ಡಿಜಿಟಲ್‌ನ ಕೆಲವು ನ್ಯಾಸ್ ಡ್ರೈವ್‌ಗಳಲ್ಲಿ ಎಸ್‌ಎಂಆರ್ ಬಳಸಿರುವುದು ಬಹಿರಂಗವಾಗಿ ಟೀಕೆಗೆ ಗುರಿಯಾದ ಬಳಿಕ ತಯಾರಕರು ಯಾವ ಮಾದರಿ ಯಾವ ಬಗೆಯದೆಂಬ ಪಟ್ಟಿಗಳನ್ನು ಪ್ರಕಟಿಸಿದರು.

ಎಸ್‌ಎಸ್‌ಡಿಗಳಲ್ಲಿ ತಿರುಗುವ ಭಾಗಗಳಿಲ್ಲದ ಕಾರಣ ಬಿದ್ದರೆ ಹಾನಿಯಾಗುವುದು ಕಡಿಮೆ. ದಿನನಿತ್ಯದ ಕೆಲಸಕ್ಕೆ ಅವು ಹೆಚ್ಚು ಸೂಕ್ತ. ಆದರೆ ವಿದ್ಯುತ್ ನೀಡದೆ ವರ್ಷಗಟ್ಟಲೆ ಇಡುವ ಸಂಗ್ರಹಕ್ಕೆ ಅವು ತಕ್ಕುದಲ್ಲ. ಜೆಡೆಕ್ ಎಂಬ ಮಾನಕ ಸಂಸ್ಥೆಯ ನಿಯಮದಂತೆ, ನಿಗದಿತ ಬರಹದ ಮಿತಿಯನ್ನು ಮುಟ್ಟಿದ ಸಾಮಾನ್ಯ ಎಸ್‌ಎಸ್‌ಡಿಯು 30 ಡಿಗ್ರಿಯಲ್ಲಿ ವಿದ್ಯುತ್ ಇಲ್ಲದೆ 1 ವರ್ಷ ದತ್ತಾಂಶ ಉಳಿಸಿಕೊಂಡರೆ ಸಾಕು. ಉಷ್ಣತೆ ಏರಿದಂತೆ ಈ ಅವಧಿ ಕುಗ್ಗುತ್ತದೆ.

ಖರೀದಿ ಮತ್ತು ಪರೀಕ್ಷೆ

ವಾರಂಟಿಯು ಡ್ರೈವ್‌ಗೆ ಸಂಬಂಧಿಸಿದ್ದು, ಅದರಲ್ಲಿರುವ ದತ್ತಾಂಶಕ್ಕಲ್ಲ. ಕೆಟ್ಟ ಡ್ರೈವ್‌ನ ಬದಲಿಗೆ ಬೇರೊಂದು ಡ್ರೈವ್ ದೊರೆಯುತ್ತದೆ, ಕಡತಗಳು ದೊರೆಯುವುದಿಲ್ಲ. ಹಾಗಿದ್ದರೂ ವಾರಂಟಿಯ ಅವಧಿಯು ತಯಾರಕರು ಆ ಮಾದರಿಯ ಮೇಲೆ ಇಟ್ಟಿರುವ ನಂಬಿಕೆಯ ಸೂಚಕವಾಗಿದೆ. ವಿದೇಶದ ಮಾರುಕಟ್ಟೆಗೆಂದು ತಯಾರಾದ ಡ್ರೈವ್‌ಗೆ ಭಾರತದಲ್ಲಿ ವಾರಂಟಿ ಸಿಗದಿರಬಹುದು. ಡ್ರೈವ್‌ನ ಕ್ರಮಸಂಖ್ಯೆಯನ್ನು ತಯಾರಕರ ಜಾಲತಾಣದಲ್ಲಿ ನಮೂದಿಸಿ ವಾರಂಟಿಯನ್ನು ಖಚಿತಪಡಿಸಿಕೊಳ್ಳಬಹುದು. ಕ್ರಮಸಂಖ್ಯೆ ಬರೆದ ಜಿಎಸ್‌ಟಿ ಬಿಲ್ ಪಡೆಯುವುದು ಮುಂದಿನ ವ್ಯವಹಾರಕ್ಕೆ ಅಗತ್ಯ.

ಬಳಸಿದ ಡ್ರೈವ್‌ಗಳನ್ನು ಹೊಸದೆಂದು ಮಾರುವುದೂ ಉಂಟು. 2025ರ ಆರಂಭದಲ್ಲಿ, ಸಾವಿರಾರು ಗಂಟೆ ನಡೆದಿದ್ದ ಸೀಗೇಟ್ ಡ್ರೈವ್‌ಗಳ ಗಂಟೆಗಳ ಲೆಕ್ಕವನ್ನು ಅಳಿಸಿ ಹೊಸದೆಂದು ಮಾರಿದ ಪ್ರಕರಣಗಳು ಜರ್ಮನಿಯಲ್ಲಿ ಬೆಳಕಿಗೆ ಬಂದವು. ಅತಿ ಕಡಿಮೆ ಬೆಲೆಗೆ ಅತಿ ಹೆಚ್ಚು ಸಾಮರ್ಥ್ಯ ಎಂದು ಮಾರುವ ಹೊರಜೋಡಣೆಯ ಡ್ರೈವ್‌ಗಳಲ್ಲಿ ಹೇಳಿದಷ್ಟು ಸಾಮರ್ಥ್ಯವೇ ಇಲ್ಲದಿರಬಹುದು.

ಹೊಸ ಡ್ರೈವ್‌ಗೆ ಮುಖ್ಯ ಕಡತಗಳನ್ನು ಸೇರಿಸುವ ಮುನ್ನ ಅದರ ತುಂಬ ಒಮ್ಮೆ ಬರೆದು, ಮರಳಿ ಓದಿ ಪರೀಕ್ಷಿಸುವುದು ಒಳ್ಳೆಯದು. ತಯಾರಿಕೆಯ ದೋಷಗಳು ಆರಂಭದ ದಿನಗಳಲ್ಲಿ ಕಾಣಿಸಿಕೊಳ್ಳುವ ಸಂಭವವಿದ್ದು, ಆಗ ಅಂಗಡಿಯಲ್ಲಿ ಬದಲಿಸಿಕೊಳ್ಳುವುದು ಸುಲಭ. ಸೆಕೆಂಡಿಗೆ 150 ಮೆಗಾಬೈಟ್ ವೇಗದಲ್ಲಿ 4 ಟೆರಾಬೈಟ್ ಡ್ರೈವ್ ಪೂರ್ತಿ ಬರೆಯಲು ಸುಮಾರು ಏಳೂವರೆ ಗಂಟೆ ಬೇಕಾಗುತ್ತದೆ.

ಕೆಡುವ ಮುನ್ಸೂಚನೆಗಳು

ಡ್ರೈವ್ ತನ್ನ ಸ್ಥಿತಿಯನ್ನು ಸ್ಮಾರ್ಟ್ ಎಂಬ ವ್ಯವಸ್ಥೆಯಲ್ಲಿ ದಾಖಲಿಸುತ್ತದೆ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ, ಸ್ಮಾರ್ಟ್‌ಮಾನ್‌ಟೂಲ್ಸ್ ಮೊದಲಾದ ಉಚಿತ ತಂತ್ರಾಂಶಗಳಿಂದ ಇದನ್ನು ಓದಬಹುದು. ಮುಖ್ಯವಾಗಿ ಗಮನಿಸಬೇಕಾದವು 5, 187, 197 ಮತ್ತು 198ನೆಯ ಅಂಶಗಳು. ಇವುಗಳ ಮೂಲ ಎಣಿಕೆ ಸೊನ್ನೆಯಿಂದ ಮೇಲೇರಿದರೆ ಕಡತಗಳನ್ನು ಬೇರೆಡೆಗೆ ಸಾಗಿಸುವ ಕಾಲ ಬಂದಿದೆ ಎಂದರ್ಥ. ಗೂಗಲ್‌ನ ಅಧ್ಯಯನದ ಪ್ರಕಾರ, ಮೇಲ್ಮೈ ಪರಿಶೀಲನೆಯಲ್ಲಿ ಮೊದಲ ದೋಷ ಕಂಡ ಡ್ರೈವ್ ಮುಂದಿನ 60 ದಿನಗಳಲ್ಲಿ ಕೆಡುವ ಸಾಧ್ಯತೆ, ದೋಷ ಕಾಣದ ಡ್ರೈವ್‌ಗಿಂತ 39 ಪಟ್ಟು ಹೆಚ್ಚು. ಅದೇ ಅಧ್ಯಯನದಲ್ಲಿ, ಕೆಟ್ಟ ಡ್ರೈವ್‌ಗಳ ಪೈಕಿ ಶೇಕಡ 56ಕ್ಕೂ ಹೆಚ್ಚಿನವು ನಾಲ್ಕು ಪ್ರಬಲ ಸೂಚಕಗಳಲ್ಲಿ ಒಂದನ್ನೂ ತೋರಿಸಿರಲಿಲ್ಲ. ಸೂಚನೆ ಕಂಡರೆ ಎಚ್ಚರಗೊಳ್ಳಬೇಕು, ಆದರೆ ಸೂಚನೆ ಇಲ್ಲವೆಂದು ನಿಶ್ಚಿಂತೆಯಿಂದ ಇರುವಂತಿಲ್ಲ.

ಟಿಕ್ ಟಿಕ್ ಎಂಬ ಶಬ್ದ ಕೇಳಿಬಂದರೆ ಡ್ರೈವ್ ಅನ್ನು ಕೂಡಲೇ ನಿಲ್ಲಿಸುವುದು ಉಚಿತ. ಮತ್ತೆ ಮತ್ತೆ ಚಾಲನೆ ಮಾಡಿದಷ್ಟೂ ಹಾನಿ ಹೆಚ್ಚುತ್ತದೆ. ನೆರೆಯ ನೀರಿನಲ್ಲಿ ಮುಳುಗಿದ ಡ್ರೈವ್‌ಗೆ ವಿದ್ಯುತ್ ನೀಡಬಾರದು. ಅದನ್ನು ಬಿಸಿಲಿಗಿಟ್ಟು ಅಥವಾ ಬಿಸಿಗಾಳಿಯಿಂದ ಒಣಗಿಸಿದರೆ ಕೆಸರು ಮತ್ತು ಉಪ್ಪು ತಟ್ಟೆಗೆ ಅಂಟಿಕೊಳ್ಳುತ್ತವೆ. ತೇವವಿರುವಂತೆಯೇ ಚೀಲದಲ್ಲಿ ಮುಚ್ಚಿ ದತ್ತಾಂಶ ಮರಳಿ ಪಡೆಯುವ ಪ್ರಯೋಗಾಲಯಕ್ಕೆ ತಲುಪಿಸುವುದು ಸರಿಯಾದ ಕ್ರಮ. ಈ ಕೆಲಸ ದುಬಾರಿಯಾಗಿದ್ದು, ಯಶಸ್ಸು ಖಚಿತವಲ್ಲ.

ಪ್ರತಿಗಳ ಸಂಖ್ಯೆ ಮತ್ತು ಸ್ಥಳ

ಅಮೆರಿಕದ ಛಾಯಾಗ್ರಾಹಕ ಪೀಟರ್ ಕ್ರೋಗ್ ಪ್ರಚಾರಕ್ಕೆ ತಂದ 3-2-1 ನಿಯಮದಂತೆ ದತ್ತಾಂಶದ ಮೂರು ಪ್ರತಿಗಳು, ಎರಡು ಬೇರೆ ಬಗೆಯ ಮಾಧ್ಯಮಗಳಲ್ಲಿ, ಒಂದಾದರೂ ಬೇರೊಂದು ಸ್ಥಳದಲ್ಲಿ ಇರಬೇಕು. ಒಂದು ಡ್ರೈವ್ ವರ್ಷದಲ್ಲಿ ಕೆಡುವ ಸಾಧ್ಯತೆ ಶೇಕಡ 2 ಎಂದಿಟ್ಟುಕೊಂಡರೆ, ಪರಸ್ಪರ ಸಂಬಂಧವಿಲ್ಲದ ಎರಡು ಡ್ರೈವ್‌ಗಳು ಅದೇ ವರ್ಷ ಕೆಡುವ ಸಾಧ್ಯತೆ 10,000ಕ್ಕೆ 4 ಮಾತ್ರ. ವೈಫಲ್ಯ ದರ ಅರ್ಧದಷ್ಟಿರುವ ದುಬಾರಿ ಡ್ರೈವ್ ಒಂದನ್ನೇ ಕೊಂಡರೂ ಸಾಧ್ಯತೆ 10,000ಕ್ಕೆ 100ರಷ್ಟು ಉಳಿಯುತ್ತದೆ. ಹೀಗಾಗಿ ಅತ್ಯುತ್ತಮವಾದ ಒಂದಕ್ಕಿಂತ ಸಾಧಾರಣವಾದ ಎರಡು ಲೇಸು. ಆದರೆ ಈ ಲೆಕ್ಕ ನಿಲ್ಲುವುದು ಎರಡೂ ಬೇರೆ ಬೇರೆ ಕಾರಣಗಳಿಂದ ಕೆಡುವಾಗ ಮಾತ್ರ. ಒಂದೇ ಕಪಾಟಿನಲ್ಲಿರುವ ಎರಡು ಡ್ರೈವ್‌ಗಳಿಗೆ ನೆರೆ ಒಂದೇ. ಒಂದೇ ಪೆಟ್ಟಿಗೆಯ ಡ್ರೈವ್‌ಗಳನ್ನು ಜೋಡಿಸುವ ರೇಡ್ ವ್ಯವಸ್ಥೆಯೂ ಇದೇ ಕಾರಣದಿಂದ ಬ್ಯಾಕಪ್‌ಗೆ ಬದಲಿಯಾಗುವುದಿಲ್ಲ.

ಕಾರವಾರ ಮತ್ತು ಅಂಕೋಲಾ ಒಂದೇ ಮಳೆಪಟ್ಟಿಯಲ್ಲಿರುವುದರಿಂದ, ಇವೆರಡರ ನಡುವೆ ಹಂಚಿದ ಪ್ರತಿಗಳಿಗಿಂತ ಘಟ್ಟದ ಮೇಲಿನ ಊರಿನಲ್ಲಿ ಇಟ್ಟ ಪ್ರತಿ ಹೆಚ್ಚು ಸುರಕ್ಷಿತ. ಶಿರಸಿ ಅಥವಾ ಯಲ್ಲಾಪುರದಲ್ಲಿ ಮಳೆ ಬಹಳವಿದ್ದರೂ ಕಡಲ ಉಪ್ಪಿನ ಕಾಟವಿಲ್ಲ. ಹುಬ್ಬಳ್ಳಿ-ಧಾರವಾಡದ ಹವೆ ಇನ್ನಷ್ಟು ಒಣ. ಅಲ್ಲಿ ಓದುವ ಮಕ್ಕಳ ಅಥವಾ ಬಂಧುಗಳ ಮನೆಯಲ್ಲಿ ಒಂದು ಡ್ರೈವ್ ಇಟ್ಟು, ವರ್ಷಕ್ಕೆ ಎರಡು ಬಾರಿ ಹೊಸ ಪ್ರತಿಯೊಂದಿಗೆ ಬದಲಿಸಿಕೊಳ್ಳುವ ಕ್ರಮಕ್ಕೆ ಖರ್ಚು ಕಡಿಮೆ. ಕ್ಲೌಡ್ ಸಂಗ್ರಹವೂ ಇದೇ ಕೆಲಸ ಮಾಡುತ್ತದೆ. ಆದರೆ ಸೆಕೆಂಡಿಗೆ 20 ಮೆಗಾಬಿಟ್ ವೇಗದಲ್ಲಿ 1 ಟೆರಾಬೈಟ್ ಕಳಿಸಲು ಎಡೆಬಿಡದೆ ನಾಲ್ಕೂವರೆ ದಿನಗಳಿಗೂ ಹೆಚ್ಚು ಕಾಲ ಬೇಕು. ಆದ್ದರಿಂದ ಮತ್ತೆ ಪಡೆಯಲಾಗದ ಕಡತಗಳನ್ನು ಮೊದಲು ಆರಿಸಿ ಕಳಿಸುವುದು ರೂಢಿ.

ಪ್ರತಿ ಇದ್ದರೆ ಸಾಲದು, ಅದು ತೆರೆಯುತ್ತದೆಯೇ ಎಂಬುದನ್ನೂ ಆಗಾಗ ನೋಡಬೇಕಾಗುತ್ತದೆ. ಕರಾವಳಿಯಲ್ಲಿ ಇದಕ್ಕೆ ಮೇ ತಿಂಗಳು ಮತ್ತು ಅಕ್ಟೋಬರ್ ತಿಂಗಳು ಅನುಕೂಲಕರ. ಮಳೆಗಾಲಕ್ಕೆ ಮುನ್ನ ಹೊಸ ಪ್ರತಿ ಮಾಡಿ ಘಟ್ಟದ ಮೇಲಕ್ಕೆ ಕಳಿಸಬಹುದು. ಮಳೆ ಮುಗಿದ ಮೇಲೆ ಮನೆಯಲ್ಲಿ ಉಳಿದ ಡ್ರೈವ್‌ಗಳನ್ನು ಪರಿಶೀಲಿಸಬಹುದು. ವಾರಂಟಿ ಮುಗಿದ ಡ್ರೈವ್ ಇನ್ನೂ ನಡೆಯುತ್ತಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಮೂರನೆಯ ಪ್ರತಿಯಾಗಿ ಅದನ್ನು ಉಳಿಸಿಕೊಳ್ಳಬಹುದು.